ವಿಶೇಷ ಅಗತ್ಯದ ಮಗುವನ್ನು ದತ್ತು ತೆಗೆದುಕೊಳ್ಳುತ್ತಿದ್ದೇವೆ: ದುಡ್ಡು, ವಿಮೆ ಹೇಗೆ ಹೊಂದಿಸುವುದು?

ಹುಬ್ಬಳ್ಳಿ ಮೇಷ್ಟ್ರು ಕೇಳಿದ್ದು:

ಎಲ್ಲರಿಗೂ ನಮಸ್ಕಾರ. ನಾನು ಖಾಸಗಿ ಶಾಲೆಯಲ್ಲಿ ಗಣಿತ ಹೇಳಿಕೊಡುತ್ತೇನೆ. ನನ್ನ ಹೆಂಡತಿ ಸಾಫ್ಟ್‌ವೇರ್ ಕಂಪನಿಯಲ್ಲಿದ್ದಾಳೆ, ವಾರದಲ್ಲಿ ಜಾಸ್ತಿ ದಿನ ಮನೆಯಿಂದಲೇ ಕೆಲಸ. ದತ್ತು ವಿಷಯ ನೋಡಿಕೊಳ್ಳುವ ಕೇಂದ್ರ ಸರ್ಕಾರದ ಸಂಸ್ಥೆ ಕಾರಾದಲ್ಲಿ ನೋಂದಣಿ ಆಗಿದೆ, ಮನೆಗೆ ಬಂದು ವಿಚಾರಿಸುವ ಹೋಮ್ ಸ್ಟಡಿಯೂ ಮುಗಿದಿದೆ. ವಿಶೇಷ ಅಗತ್ಯದ ಮಕ್ಕಳ ಪಟ್ಟಿಯಲ್ಲಿ ಒಂದು ಹೆಣ್ಣುಮಗುವಿನ ವಿವರ ನೋಡಿದೆವು. ಎರಡೂವರೆ ವರ್ಷ. ಡೌನ್ ಸಿಂಡ್ರೋಮ್ ಇದೆ. ಹೃದಯದಲ್ಲಿ ಸಣ್ಣ ವಿಎಸ್‌ಡಿ, ಅಂದರೆ ರಂಧ್ರ, ಇದೆ, ಎಕೋ (ಹೃದಯದ ಸ್ಕ್ಯಾನ್) ಮಾಡಿಸುತ್ತಾ ನಿಗಾ ಇಡಬೇಕು ಅಂತ ವೈದ್ಯಕೀಯ ವರದಿಯಲ್ಲಿ ಬರೆದಿದ್ದಾರೆ.

ಮನಸ್ಸು ಗಟ್ಟಿ ಮಾಡಿಕೊಂಡಿದ್ದೇವೆ. ಅದರ ಬಗ್ಗೆ ಸಲಹೆ ಬೇಡ. ದುಡ್ಡಿನ ಲೆಕ್ಕ ಮಾತ್ರ ಹೊಳೆಯುತ್ತಿಲ್ಲ. ಇಬ್ಬರದ್ದೂ ಸೇರಿ ಕೈಗೆ ತಿಂಗಳಿಗೆ 1,10,000 ಬರುತ್ತದೆ. ಮನೆ ಸಾಲದ ಕಂತು 28,000. ಉಳಿತಾಯ ಅಂತ ಸುಮಾರು 4 ಲಕ್ಷ ಇದೆ. ಹೆಂಡತಿಯ ಕಂಪನಿಯಿಂದ 5 ಲಕ್ಷದ ಗ್ರೂಪ್ ಆರೋಗ್ಯ ವಿಮೆ ಇದೆ, ನನ್ನ ಹೆಸರೂ ಅದರಲ್ಲಿದೆ.

ಪರಿಚಯದ ಏಜೆಂಟ್ ಒಬ್ಬರನ್ನು ಕೇಳಿದೆ. 'ಇಂಥ ಮಗುವಿಗೆ ಯಾರೂ ಆರೋಗ್ಯ ವಿಮೆ ಕೊಡಲ್ಲ, ಅದರ ಬದಲು ಅವಳ ಹೆಸರಿಗೆ ಒಂದು ಚೈಲ್ಡ್ ಪ್ಲಾನ್ ಮಾಡಿ' ಅಂದರು. ಅಪ್ಪ ಬೇರೆ, 'ನೀವಿಬ್ಬರೂ ಹೋದ ಮೇಲೆ ಅವಳಿಗೆ ಯಾರು?' ಅಂತ ಕೇಳುತ್ತಾರೆ. ಕೋಪದಿಂದಲ್ಲ, ಕಾಳಜಿಯಿಂದಲೇ ಕೇಳುವುದು. ಉತ್ತರ ನನ್ನ ಹತ್ತಿರ ಇಲ್ಲ. ಮಗು ಮನೆಗೆ ಬರುವ ಮೊದಲೇ ಏನೇನು ಮಾಡಿಟ್ಟುಕೊಳ್ಳಬೇಕು? ಈ ದಾರಿಯಲ್ಲಿ ನಡೆದವರು ದಯವಿಟ್ಟು ಹೇಳಿ.

ಮೈಸೂರಿನ ಅಮ್ಮ ಬರೆದಿದ್ದು:

ಮೇಷ್ಟ್ರೇ, ಮೊದಲು ಆ ಚೈಲ್ಡ್ ಪ್ಲಾನ್, ಅಂದರೆ ಮಗುವಿನ ಹೆಸರಿನ ಜೀವ ವಿಮೆ, ಪಕ್ಕಕ್ಕಿಡಿ. ದುಡಿಯುವವರು ನೀವಿಬ್ಬರು. ನಿಮ್ಮಲ್ಲಿ ಒಬ್ಬರಿಗೆ ಏನಾದರೂ ಆದರೆ ಮಗುವಿಗೆ ದುಡ್ಡು ಬರಬೇಕು. ಹಾಗಾಗಿ ಜೀವ ವಿಮೆ ಬೇಕಾಗಿರುವುದು ನಿಮಗೆ, ಅವಳಿಗಲ್ಲ. ಇಬ್ಬರೂ ಒಂದೊಂದು ಟರ್ಮ್ ಪಾಲಿಸಿ ಮಾಡಿ, ಅವಧಿಯೊಳಗೆ ತೀರಿಕೊಂಡರೆ ಮಾತ್ರ ದುಡ್ಡು ಕೊಡುವ ಜೀವ ವಿಮೆ ಅದು. ಮಗು ಮನೆಗೆ ಬರುವವರೆಗೆ ಕಾಯಬೇಕಾಗಿಲ್ಲ, ಈ ತಿಂಗಳೇ ಮಾಡಿ. ವಯಸ್ಸು ಒಂದು ವರ್ಷ ಏರಿದರೂ ಪ್ರೀಮಿಯಂ ಏರುತ್ತದೆ.

ನನ್ನ ಮಗನಿಗೆ ಸೆರೆಬ್ರಲ್ ಪಾಲ್ಸಿ. ಒಂದೂವರೆ ವರ್ಷದವನಿದ್ದಾಗ ನಮ್ಮ ಮನೆಗೆ ಬಂದ, ಈಗ ಎರಡನೇ ಕ್ಲಾಸು. ನನಗೆ ಗೊತ್ತಾಗಿರುವ ಒಂದು ವಿಷಯವನ್ನು ಒತ್ತಿ ಹೇಳುತ್ತೇನೆ. ಎಲ್ಲರೂ ಹೆದರುವುದು ಆಪರೇಷನ್ ಖರ್ಚಿಗೆ. ಆಪರೇಷನ್‌ಗೆ ವಿಮೆ ಇದೆ, ಸರ್ಕಾರದ ಯೋಜನೆ ಇದೆ, ಏನೂ ಇಲ್ಲದಿದ್ದರೂ ಒಮ್ಮೆ ಸಾಲ ಮಾಡಿ ತೀರಿಸಬಹುದು. ಕೈ ಕಚ್ಚುವುದು ತಿಂಗಳು ತಿಂಗಳು ಬರುವ ಖರ್ಚು. ಅದಕ್ಕೆ ಆಸ್ಪತ್ರೆ ವಿಮೆ ಒಂದು ರೂಪಾಯಿ ಕೊಡುವುದಿಲ್ಲ, ಯಾಕೆಂದರೆ ಅಲ್ಲಿ ಅಡ್ಮಿಟ್ ಆಗುವ ಮಾತೇ ಇಲ್ಲ.

ನಮ್ಮ ಮನೆಯದ್ದೇ ಹೇಳುತ್ತೇನೆ. ಫಿಸಿಯೋ ಮತ್ತು ಸ್ಪೀಚ್ ಸೇರಿ ವಾರಕ್ಕೆ ಮೂರು ಸೆಷನ್, ಒಂದಕ್ಕೆ 600 ರೂಪಾಯಿ. ತಿಂಗಳಿಗೆ ಏಳು ಸಾವಿರದ ಮೇಲೆ ಅಲ್ಲೇ ಹೋಯಿತು. ಆಮೇಲೆ ಎಎಫ್‌ಓ. ಪಾದದಿಂದ ಮೊಣಕಾಲಿನ ಕೆಳಗಿನವರೆಗೆ ಹಾಕುವ ಪ್ಲಾಸ್ಟಿಕ್ ಪಟ್ಟಿ ಅದು. ಮಗು ಬೆಳೆದ ಹಾಗೆ ಕಾಲ್ಬೆರಳು ಮುಂದಕ್ಕೆ ಚಾಚುತ್ತದೆ, ಹರಡಿನ ಮೂಳೆ ಹತ್ತಿರ ಉಜ್ಜಿ ಕೆಂಪಗಾಗುತ್ತದೆ. ಸಂಜೆ ಬಿಚ್ಚಿದಾಗ ಆ ಕೆಂಪು ಅರ್ಧ ಗಂಟೆ ಆದರೂ ಹೋಗದಿದ್ದರೆ ಹೊಸ ಅಳತೆ ಕೊಡುವ ಕಾಲ ಬಂತು ಅಂತ ಲೆಕ್ಕ. ಅದಕ್ಕೆ ಹೊಂದುವ ಅಗಲದ ಶೂ ಬೇರೆ. ಇದ್ಯಾವುದೂ ನಮ್ಮ ಪಾಲಿಸಿಯಲ್ಲಿ ಬರಲಿಲ್ಲ.

ನಿಮ್ಮ ಮಗಳಿಗೆ ಇದು ಬೇಕಾಗದೇ ಇರಬಹುದು. ಆದರೆ ಡೌನ್ ಸಿಂಡ್ರೋಮ್ ಇರುವ ಮಕ್ಕಳಿಗೆ ಥೈರಾಯ್ಡ್, ಕಿವಿ, ಕಣ್ಣು ಇವನ್ನೆಲ್ಲ ಬಿಡದೆ ನೋಡಿಸುತ್ತಿರಬೇಕು. ಎಕೋ ಇದೆ. ಸ್ಪೀಚ್ ಥೆರಪಿ ವರ್ಷಗಟ್ಟಲೆ ಬೇಕಾಗುತ್ತದೆ. ಇನ್ನೊಂದು ಖರ್ಚು ಯಾವ ಬಿಲ್ಲಿನಲ್ಲೂ ಕಾಣುವುದಿಲ್ಲ. ಥೆರಪಿ ಇರುವುದು ವಾರದ ದಿನ ಬೆಳಗ್ಗೆ ಹನ್ನೊಂದಕ್ಕೆ. ಕರೆದುಕೊಂಡು ಹೋಗುವವರು ಯಾರು? ನಾನು ಪೂರ್ತಿ ಕೆಲಸ ಬಿಟ್ಟು ಅರ್ಧ ದಿನದ ಕೆಲಸಕ್ಕೆ ಸೇರಿದೆ. ಸಂಬಳ ಅರ್ಧ ಆಯಿತು. ನಿಮ್ಮ ಮನೆಯಲ್ಲೂ ಇದು ಬರಬಹುದು. ಕಂಪನಿ ವಿಮೆ ಇರುವುದು ನಿಮ್ಮ ಹೆಂಡತಿಯ ಕೆಲಸದಲ್ಲಿ. ಹಾಗಾಗಿ ಅವರು ಕೆಲಸ ಬಿಡುವುದಾದರೆ ಸಂಬಳದ ಜೊತೆ ವಿಮೆಯೂ ಹೋಗುತ್ತದೆ. ಈ ಮಾತನ್ನು ಇಬ್ಬರೂ ಈಗಲೇ ಕೂತು ಆಡಿಕೊಳ್ಳಿ.

ಒಂದು ಕೆಲಸ ಮಾಡಿ. ಮುಂದಿನ ತಿಂಗಳಿಂದಲೇ 15,000 ಪಕ್ಕಕ್ಕೆ ತೆಗೆದಿಟ್ಟು, ಉಳಿದಿದ್ದರಲ್ಲಿ ಮನೆ ನಡೆಸಿ ನೋಡಿ. ಮಗು ಬರುವವರೆಗೂ ಹಾಗೇ ನಡೆಸಿ. ಆಗುತ್ತದೋ ಇಲ್ಲವೋ ಅಂತ ನಿಜವಾಗಿ ತಿಳಿಯುತ್ತದೆ. ಆ ದುಡ್ಡು ಮೊದಲ ವರ್ಷದ ಥೆರಪಿಗೆ ಆಗುತ್ತದೆ. ಅದನ್ನು ಬೇಕಾದಾಗ ತೆಗೆಯುವ ಹಾಗಿಡಿ. ಹೆಣ್ಣುಮಗು ಅಂತ ಎಲ್ಲರೂ ಸುಕನ್ಯಾ ಸಮೃದ್ಧಿ ಮಾಡಿ ಅನ್ನುತ್ತಾರೆ. ಒಳ್ಳೆಯ ಯೋಜನೆಯೇ, ದತ್ತು ಮಗಳಿಗೂ ಮಾಡಬಹುದು. ಆದರೆ ಅಲ್ಲಿ ಹಾಕಿದ ದುಡ್ಡು ನಾಲ್ಕು ವರ್ಷದ ಮಗುವಿನ ಥೆರಪಿಗೆ ಸಿಗುವುದಿಲ್ಲ. ನಮ್ಮ ಮಕ್ಕಳಿಗೆ ದುಡ್ಡು ಬೇಕಾಗುವುದು ಮೊದಲ ಐದಾರು ವರ್ಷದಲ್ಲಿ ಜಾಸ್ತಿ.

ಸರ್ಕಾರದ ಕಡೆಯಿಂದ ಎರಡು ಕಡೆ ಕೇಳಿ. ರಾಷ್ಟ್ರೀಯ ಬಾಲ ಸ್ವಾಸ್ಥ್ಯ ಕಾರ್ಯಕ್ರಮದಲ್ಲಿ ಹುಟ್ಟಿನಿಂದ 18 ವರ್ಷದವರೆಗಿನ ಮಕ್ಕಳಿಗೆ ತಪಾಸಣೆ, ಚಿಕಿತ್ಸೆ ಇದೆ. ಡೌನ್ ಸಿಂಡ್ರೋಮ್, ಹುಟ್ಟಿನಿಂದ ಬಂದ ಹೃದಯದ ತೊಂದರೆ ಎರಡೂ ಅದರ ಪಟ್ಟಿಯಲ್ಲಿವೆ. ಜಿಲ್ಲಾ ಆಸ್ಪತ್ರೆಗಳಲ್ಲಿ ಇದಕ್ಕೆಂದೇ ಡಿಇಐಸಿ ಅಂತ ಕೇಂದ್ರ ಇರುತ್ತದೆ, ವಿಚಾರಿಸಿ. ಮಾತು, ಕಿವಿಯ ವಿಷಯಕ್ಕೆ ನಮ್ಮ ಮೈಸೂರಿನ ಅಖಿಲ ಭಾರತ ವಾಕ್ ಶ್ರವಣ ಸಂಸ್ಥೆ ಇದೆ. ದೂರ ಆಯಿತು ನಿಜ. ಆದರೂ ಒಮ್ಮೆ ಪೂರ್ತಿ ಪರೀಕ್ಷೆ ಮಾಡಿಸಿಕೊಂಡು, ಮನೆಯಲ್ಲಿ ಏನು ಮಾಡಬೇಕು ಅಂತ ಕಲಿತು ಹೋಗಬಹುದು.

ವರದಿಯನ್ನು ಒಪ್ಪಿಗೆ ಕೊಡುವ ಮೊದಲೇ ನಿಮ್ಮ ನಂಬಿಕೆಯ ಮಕ್ಕಳ ಹೃದಯ ತಜ್ಞರಿಗೆ ತೋರಿಸಿ. ಹಾಗೆ ತೋರಿಸಲು ನಿಯಮದಲ್ಲೇ ಅವಕಾಶ ಇದೆ. ಸಣ್ಣ ವಿಎಸ್‌ಡಿ ಎಷ್ಟೋ ಸಲ ತಾನಾಗಿಯೇ ಮುಚ್ಚಿಕೊಳ್ಳುತ್ತದೆ. ಮುಚ್ಚದಿದ್ದರೆ ಯಾವಾಗ, ಏನು ಮಾಡಬೇಕಾದೀತು ಅಂತ ಅವರು ಹೇಳಿದರೆ ನಿಮ್ಮ ಲೆಕ್ಕಕ್ಕೆ ಒಂದು ಅಂದಾಜು ಸಿಗುತ್ತದೆ.

ಕ್ಲೈಮ್ ವಿಭಾಗದವನು ಬರೆದಿದ್ದು:

ನಾನು ಆರೋಗ್ಯ ವಿಮೆಯ ಕ್ಲೈಮ್ ಕಾಗದ ನೋಡುವ ಕೆಲಸದಲ್ಲಿದ್ದೇನೆ. ಅಕ್ಕ ಹೇಳಿದ್ದಕ್ಕೆ ನನ್ನ ಕಡೆಯದ್ದನ್ನು ಸೇರಿಸುತ್ತೇನೆ.

ಸರ್, 'ಯಾರೂ ವಿಮೆ ಕೊಡಲ್ಲ' ಅನ್ನುವುದು ತಪ್ಪು. ಅಂಗವೈಕಲ್ಯ ಇರುವವರಿಗೆ ಒಂದು ಪಾಲಿಸಿಯನ್ನಾದರೂ ಇಡಲೇಬೇಕು ಅಂತ ವಿಮಾ ನಿಯಂತ್ರಣ ಸಂಸ್ಥೆ ಐಆರ್‌ಡಿಎಐ 2023ರ ಫೆಬ್ರವರಿಯಲ್ಲಿ ಆರೋಗ್ಯ ವಿಮೆ ಮಾರುವ ಕಂಪನಿಗಳಿಗೆಲ್ಲ ಹೇಳಿದೆ. ಆದರೆ ನಿಮಗೆ ಸದ್ಯಕ್ಕೆ ಅದಕ್ಕಿಂತ ಒಳ್ಳೆಯದು ಮೇಡಂ ಅವರ ಗ್ರೂಪ್ ಪಾಲಿಸಿ. ಹೊರಗಡೆ ತೆಗೆದುಕೊಳ್ಳುವ ಪಾಲಿಸಿಯಲ್ಲಿ ಮೊದಲೇ ಇದ್ದ ಕಾಯಿಲೆಗೆ ಮೂರು ವರ್ಷದವರೆಗೆ ಕಾಯಿಸಬಹುದು. ಕಂಪನಿ ಕೊಡುವ ಪಾಲಿಸಿಗಳಲ್ಲಿ ಬಹಳಷ್ಟು ಕಡೆ ಮೊದಲ ದಿನದಿಂದಲೇ ಸಿಗುತ್ತದೆ.

ಇಲ್ಲಿ ನೀವು ಎಚ್ಆರ್‌ಗೆ ಮೇಲ್ ಮಾಡಿ ಲಿಖಿತದಲ್ಲೇ ಉತ್ತರ ಪಡೆಯಬೇಕಾದ ಪ್ರಶ್ನೆ ಒಂದಿದೆ. ವರ್ಷದ ಮಧ್ಯದಲ್ಲಿ ಹೊಸ ಮಗುವನ್ನು ಸೇರಿಸಲು ಸಾಮಾನ್ಯವಾಗಿ 30 ದಿನದಂಥ ಗಡುವು ಇರುತ್ತದೆ. ದತ್ತು ಮಗುವಿಗೆ ಆ ಗಡುವು ಯಾವತ್ತಿನಿಂದ ಶುರು? ಮಗು ನಿಮ್ಮ ಮನೆಗೆ ಬರುವುದು ಪ್ರೀ-ಅಡಾಪ್ಷನ್ ಫಾಸ್ಟರ್ ಕೇರ್ ಅಂತ, ಅಂದರೆ ದತ್ತು ಪೂರ್ತಿ ಆಗುವ ಮೊದಲಿನ ಪಾಲನೆಗೆ. ದತ್ತು ಆದೇಶ ಬರುವುದು ಆಮೇಲೆ. ಈಗ ಆ ಆದೇಶ ಕೊಡುವುದು ಕೋರ್ಟ್ ಅಲ್ಲ, ಜಿಲ್ಲಾಧಿಕಾರಿ. ಅರ್ಜಿ ಹಾಕಿ ಎರಡು ತಿಂಗಳಲ್ಲಿ ತೀರ್ಮಾನ ಆಗಬೇಕು ಅಂತ ಕಾಯ್ದೆಯಲ್ಲಿದೆ. ಈ ಮಧ್ಯದ ದಿನಗಳಲ್ಲಿ ಮಗುವಿಗೆ ನ್ಯುಮೋನಿಯಾ ಬಂದು ಅಡ್ಮಿಟ್ ಆದರೆ? ಫಾಸ್ಟರ್ ಕೇರ್ ಪತ್ರದ ಮೇಲೆಯೇ ಸೇರಿಸಿಕೊಳ್ಳುತ್ತೀರಾ, ಇಲ್ಲ ಆದೇಶವೇ ಬೇಕಾ ಅಂತ ಈಗಲೇ ಕೇಳಿ. ಆದೇಶವೇ ಬೇಕು ಅಂದರೆ ಆ ಎರಡು ಮೂರು ತಿಂಗಳಿಗೆ ನಿಮ್ಮ 4 ಲಕ್ಷದಲ್ಲಿ ಕನಿಷ್ಠ ಒಂದೂವರೆ ಲಕ್ಷವನ್ನು ಮುಟ್ಟದೆ ಇಟ್ಟುಕೊಳ್ಳಿ.

ಎರಡನೆಯದು, ಪಾಲಿಸಿಯಲ್ಲಿ 'ಕಂಜೆನಿಟಲ್' ಅಂತ ಎಲ್ಲೆಲ್ಲಿ ಬರುತ್ತದೆ ಅಂತ ಹುಡುಕಿ ಓದಿ. ಹುಟ್ಟಿನಿಂದ ಬಂದ ತೊಂದರೆಗಳನ್ನು ವಿಮೆಯವರು ಎರಡು ಭಾಗ ಮಾಡುತ್ತಾರೆ. ಹೊರಗಡೆ ಕಾಣುವುದು ಎಕ್ಸ್‌ಟರ್ನಲ್, ಒಳಗಿನದು ಇಂಟರ್ನಲ್. ಸೀಳುತುಟಿ ಹೊರಗಿನದು, ಹೃದಯದ ರಂಧ್ರ ಒಳಗಿನದು. ಎಕ್ಸ್‌ಟರ್ನಲ್ ಅನ್ನು ಬಹಳ ಪಾಲಿಸಿಗಳು ಕೊಡುವುದಿಲ್ಲ. ಇಂಟರ್ನಲ್ ಅನ್ನು ಕೊಡುತ್ತವೆ, ಕೆಲವು ಕಡೆ ಕಾಯುವ ಅವಧಿ ಇರುತ್ತದೆ. ನಿಮ್ಮ ಮಗುವಿನ ವಿಎಸ್‌ಡಿ ಎರಡನೇ ಗುಂಪಿಗೆ ಬರುತ್ತದೆ. ಬರೀ 'ಕಂಜೆನಿಟಲ್ ಕಾಯಿಲೆಗಳಿಗೆ ಇಲ್ಲ' ಅಂತ ಒಂದೇ ಸಾಲು ಇದ್ದರೆ ಸುಮ್ನೆ ಬಿಡಬೇಡಿ, ಇಂಟರ್ನಲ್ ಸೇರಿದೆಯೋ ಇಲ್ಲವೋ ಅಂತ ಸ್ಪಷ್ಟನೆ ಕೇಳಿ.

ಮೂರನೆಯದು, ಏನನ್ನೂ ಮುಚ್ಚಿಡಬೇಡಿ. ಯಾವ ಪಾಲಿಸಿ ತೆಗೆದುಕೊಂಡರೂ ದತ್ತು ಸಂಸ್ಥೆ ಕೊಟ್ಟ ವೈದ್ಯಕೀಯ ವರದಿಯನ್ನು ಅರ್ಜಿಯ ಜೊತೆಗೇ ಲಗತ್ತಿಸಿ. 'ಬರೆದರೆ ರಿಜೆಕ್ಟ್ ಆಗುತ್ತೆ' ಅಂತ ಹೇಳುವವರು ಕ್ಲೈಮ್ ತಿರಸ್ಕಾರ ಆದ ದಿನ ನಿಮ್ಮ ಫೋನ್ ಎತ್ತುವುದಿಲ್ಲ. ಡೌನ್ ಸಿಂಡ್ರೋಮ್ ಮುಚ್ಚಿಡುವ ವಿಷಯವೂ ಅಲ್ಲ, ಡಾಕ್ಟರ ಮೊದಲ ಚೀಟಿಯಲ್ಲೇ ಇರುತ್ತದೆ.

ಜೊತೆಗೆ ನಿರಾಮಯ ಮಾಡಿಸಿ. ಅಂಗವೈಕಲ್ಯ ಇರುವವರಿಗಾಗಿ ಕೇಂದ್ರ ಸರ್ಕಾರ ಮಾಡಿರುವ ನ್ಯಾಷನಲ್ ಟ್ರಸ್ಟ್‌ನ ಆರೋಗ್ಯ ವಿಮೆ ಇದು. ಆಟಿಸಂ, ಸೆರೆಬ್ರಲ್ ಪಾಲ್ಸಿ, ಬೌದ್ಧಿಕ ಅಂಗವೈಕಲ್ಯ, ಬಹು ಅಂಗವೈಕಲ್ಯ ಈ ನಾಲ್ಕಕ್ಕೆ ಮಾತ್ರ. ಡೌನ್ ಸಿಂಡ್ರೋಮ್ ಮಕ್ಕಳು ಬೌದ್ಧಿಕ ಅಂಗವೈಕಲ್ಯದ ಪ್ರಮಾಣಪತ್ರದ ಮೇಲೆ ಬರುತ್ತಾರೆ. ವರ್ಷಕ್ಕೆ 1 ಲಕ್ಷದವರೆಗೆ, ಒಳಗೆ ಒಂದೊಂದಕ್ಕೂ ಮಿತಿ ಇದೆ. ಮೊದಲೇ ವೈದ್ಯಕೀಯ ಪರೀಕ್ಷೆ ಇಲ್ಲ. ಎಲ್ಲಕ್ಕಿಂತ ಮುಖ್ಯ, ಅಡ್ಮಿಟ್ ಆಗದೆ ಮಾಡಿಸುವ ಥೆರಪಿಗೂ ಒಂದಿಷ್ಟು ಸಿಗುತ್ತದೆ. ಅಕ್ಕ ಹೇಳಿದ ಏಳು ಸಾವಿರ ಪೂರ್ತಿ ವಾಪಸ್ ಬರುವುದಿಲ್ಲ, ಆದರೂ ಕೈಗೆ ಆಸರೆ.

ಬಿಲ್ಲಿನ ವಿಷಯ ಒಂದು. ಥೆರಪಿ ಸೆಂಟರ್‌ನವರು 'ಫೀಸ್ ರಿಸೀವ್ಡ್' ಅಂತ ಚೀಟಿ ಬರೆದುಕೊಡುತ್ತಾರೆ. ಅಂಥವು ವಾಪಸ್ ಹೋಗುತ್ತವೆ. ಮಗುವಿನ ಹೆಸರು, ಯಾವ ಥೆರಪಿ, ಯಾವ್ಯಾವ ತಾರೀಖು, ಥೆರಪಿಸ್ಟ್ ಹೆಸರು, ನೋಂದಣಿ ಸಂಖ್ಯೆ, ಸೀಲು ಇಷ್ಟೂ ಇರಲಿ. ಮೊದಲ ತಿಂಗಳಿಂದಲೇ ಹೀಗೇ ಬರೆಸಿಕೊಳ್ಳಿ, ವರ್ಷದ ಕೊನೆಗೆ ಹೋಗಿ ಕೇಳಿದರೆ ಅವರಿಗೂ ಕಷ್ಟ.

ಹುಬ್ಬಳ್ಳಿ ಮೇಷ್ಟ್ರು ಬರೆದಿದ್ದು:

ಇಬ್ಬರಿಗೂ ಬಹಳ ಥ್ಯಾಂಕ್ಸ್. ಹೆಂಡತಿ ಇವತ್ತೇ ಎಚ್ಆರ್‌ಗೆ ಮೇಲ್ ಹಾಕಿದಳು. ಎರಡು ಸಂದೇಹ. ಅಂಗವೈಕಲ್ಯದ ಪ್ರಮಾಣಪತ್ರವನ್ನು ಯಾವಾಗ ಮಾಡಿಸಬೇಕು, ಮಗು ಬಂದ ತಕ್ಷಣವಾ? ಮತ್ತೆ ಹೆಂಡತಿ ಕೆಲಸ ಬದಲಿಸಿದರೆ ಈ ಗ್ರೂಪ್ ಪಾಲಿಸಿ ಗತಿ ಏನು?

ಕ್ಲೈಮ್ ವಿಭಾಗದವನು ಬರೆದಿದ್ದು:

ಕೆಲಸ ಬಿಡುವಾಗ ಅದೇ ವಿಮಾ ಕಂಪನಿಯ ಸ್ವಂತ ಪಾಲಿಸಿಗೆ ಬದಲಾಯಿಸಿಕೊಳ್ಳಲು ಕೇಳಬಹುದು. ಗ್ರೂಪ್‌ನಲ್ಲಿ ಕಳೆದ ವರ್ಷಗಳು ಕಾಯುವ ಅವಧಿಯ ಲೆಕ್ಕಕ್ಕೆ ಸೇರುತ್ತವೆ. ರಾಜೀನಾಮೆ ಕೊಟ್ಟ ಮೇಲಲ್ಲ, ಕೊಡುವ ಮೊದಲೇ ಕೇಳಿ. ಕ್ಲೈಮ್ ವಿಷಯದಲ್ಲಿ ಅನ್ಯಾಯ ಆಯಿತು ಅನ್ನಿಸಿದರೆ ಮೊದಲು ಕಂಪನಿಯ ದೂರು ವಿಭಾಗ, ಅಲ್ಲಿ ಆಗದಿದ್ದರೆ ಬೆಂಗಳೂರಿನ ವಿಮಾ ಓಂಬುಡ್ಸ್‌ಮನ್, ಅಂದರೆ ವಿಮೆಯ ದೂರು ತೀರ್ಮಾನಿಸುವ ಅಧಿಕಾರಿ. ಅಲ್ಲಿ ಶುಲ್ಕ ಇಲ್ಲ, ವಕೀಲರೂ ಬೇಡ.

ಮೈಸೂರಿನ ಅಮ್ಮ ಬರೆದಿದ್ದು:

ಪ್ರಮಾಣಪತ್ರಕ್ಕೆ ಒಂದು ಕ್ರಮ ಇದೆ. ದತ್ತು ಆದೇಶ ಬಂದ ಮೇಲೆ ನಿಮ್ಮಿಬ್ಬರ ಹೆಸರಿರುವ ಜನನ ಪ್ರಮಾಣಪತ್ರ. ಆಮೇಲೆ ಆಧಾರ್. ಆಮೇಲೆ ಯುಡಿಐಡಿ, ಅಂದರೆ ಅಂಗವೈಕಲ್ಯದ ಗುರುತಿನ ಚೀಟಿ. ಮೊದಲೇ ಹಳೆಯ ಹೆಸರಿನಲ್ಲಿ ಮಾಡಿಸಿಬಿಟ್ಟರೆ ಪ್ರತಿಯೊಂದನ್ನೂ ತಿದ್ದಿಸುತ್ತಾ ಓಡಾಡಬೇಕು. ಸಂಸ್ಥೆಯವರು ಆಗಲೇ ಯುಡಿಐಡಿ ಮಾಡಿಸಿದ್ದರೆ ಆ ನಂಬರ್ ಕೇಳಿ ಇಟ್ಟುಕೊಳ್ಳಿ, ಹೊಸದಕ್ಕೆ ಅರ್ಜಿ ಹಾಕದೆ ಅದನ್ನೇ ತಿದ್ದಿಸಿ. ಚಿಕ್ಕ ಮಕ್ಕಳಿಗೆ ತಾತ್ಕಾಲಿಕ ಪ್ರಮಾಣಪತ್ರ ಕೊಡುವುದುಂಟು. ಅದರ ಮೇಲೆ ಅವಧಿ ಬರೆದಿರುತ್ತದೆ, ಕ್ಯಾಲೆಂಡರ್‌ನಲ್ಲಿ ಗುರುತು ಹಾಕಿ. ಥೆರಪಿಯನ್ನು ಮಾತ್ರ ಇದಕ್ಕೆಲ್ಲ ಕಾಯಿಸಬೇಡಿ. ಮಗು ಬಂದು ಮನೆಗೆ ಒಗ್ಗಿಕೊಂಡ ಕೂಡಲೇ ಶುರು ಮಾಡಿ.

ಇನ್ನೊಂದು, ದತ್ತಿಗೆ ಕಾರಾ ಗೊತ್ತುಪಡಿಸಿದ ಶುಲ್ಕ ಬಿಟ್ಟು ಯಾರಾದರೂ 'ಬೇಗ ಮಾಡಿಸಿಕೊಡ್ತೀವಿ' ಅಂತ ದುಡ್ಡು ಕೇಳಿದರೆ ಕೊಡಲೇಬೇಡಿ. ಪ್ರತಿಯೊಂದಕ್ಕೂ ರಸೀದಿ ಪಡೆಯಿರಿ.

ನಿವೃತ್ತ ಬ್ಯಾಂಕಿನವರು ಬರೆದಿದ್ದು:

ತಮ್ಮಾ, ನಿಮ್ಮ ಅಪ್ಪನ ಪ್ರಶ್ನೆಗೆ ಉತ್ತರ ಹೇಳಲು ಪ್ರಯತ್ನಿಸುತ್ತೇನೆ. ನನ್ನ ಮಗಳಿಗೆ ಬೌದ್ಧಿಕ ಅಂಗವೈಕಲ್ಯ, ಈಗ ಮೂವತ್ತು ದಾಟಿದ್ದಾಳೆ. ಬ್ಯಾಂಕಿನ ಕೌಂಟರ್‌ನಲ್ಲಿ ಕೂತು ಇಂಥ ಎಷ್ಟೋ ಮನೆಗಳ ಕಷ್ಟವನ್ನೂ ನೋಡಿದ್ದೇನೆ. ಎಷ್ಟು ದುಡ್ಡು ಬಿಟ್ಟುಹೋದರು ಅನ್ನುವುದಕ್ಕಿಂತ, ಅದನ್ನು ಯಾರು ತೆಗೆದು ಅವಳಿಗಾಗಿ ಖರ್ಚು ಮಾಡುತ್ತಾರೆ ಅನ್ನುವುದೇ ದೊಡ್ಡ ಪ್ರಶ್ನೆ.

ಟರ್ಮ್ ಪಾಲಿಸಿಗೆ ಮಗಳನ್ನೇ ನಾಮಿನಿ ಮಾಡಿ ಸುಮ್ಮನಾಗುತ್ತಾರೆ. ಅವಳು ಚಿಕ್ಕವಳಿರುವವರೆಗೆ ದುಡ್ಡನ್ನು ಅಪಾಯಿಂಟಿ, ಅಂದರೆ ಅವಳ ಪರವಾಗಿ ಪಾಲಿಸಿಯಲ್ಲಿ ಹೆಸರಿಸಿದವರು, ಪಡೆಯುತ್ತಾರೆ. 18 ಆದ ಮೇಲೆ ಕಾನೂನಿನ ಪ್ರಕಾರ ಅವಳೇ ಸಹಿ ಹಾಕಬೇಕು. ಅವಳಿಗೆ ಆಗದಿದ್ದರೆ ದುಡ್ಡು ಅಲ್ಲೇ ನಿಲ್ಲುತ್ತದೆ. ಒಂದು ಮನೆಯಲ್ಲಿ ತಂದೆ ತೀರಿಕೊಂಡು, ಮಗನ ಹೆಸರಿನ ಠೇವಣಿ ಕಣ್ಣೆದುರಿಗೇ ಇದ್ದರೂ, ಅವನ ಔಷಧಕ್ಕೆ ದೊಡ್ಡಮ್ಮ ಬಳೆ ಅಡ ಇಟ್ಟರು. ಪಾಲಕರ ನೇಮಕದ ಪತ್ರ ಬಂದ ಮೇಲಷ್ಟೇ ನಮಗೆ ಕೊಡಲು ಆಯಿತು.

ಇದಕ್ಕೆ ದಾರಿ ಇದೆ. ಮಗಳ ಸಲುವಾಗಿ ಒಂದು ಖಾಸಗಿ ಟ್ರಸ್ಟ್ ಮಾಡಿ, ವಿಮೆಯ ದುಡ್ಡು, ಮನೆಯಲ್ಲಿ ಅವಳ ಪಾಲು ಆ ಟ್ರಸ್ಟ್‌ಗೆ ಹೋಗುವ ಹಾಗೆ ಉಯಿಲು ಬರೆಯಿರಿ. ಗೊತ್ತಿರುವ ವಕೀಲರಿಂದಲೇ ಬರೆಸಿ. ದುಡ್ಡು ನೋಡಿಕೊಳ್ಳುವವರು ಒಬ್ಬರು, ಅವಳನ್ನು ನೋಡಿಕೊಳ್ಳುವವರು ಇನ್ನೊಬ್ಬರು ಇದ್ದರೆ ಒಳ್ಳೆಯದು. ಒಬ್ಬರ ಮೇಲೊಬ್ಬರ ಕಣ್ಣಿರುತ್ತದೆ. ನಿಮ್ಮ ಟರ್ಮ್ ಪಾಲಿಸಿಯನ್ನು 1874ರ ವಿವಾಹಿತ ಮಹಿಳೆಯರ ಆಸ್ತಿ ಕಾಯ್ದೆಯಡಿ ತೆಗೆದುಕೊಳ್ಳುವುದೂ ಉಂಟು. ಅರ್ಜಿ ಹಾಕುವಾಗಲೇ ಹೇಳಬೇಕು. ಹಾಗೆ ಮಾಡಿದರೆ ಆ ದುಡ್ಡು ಹೆಂಡತಿ ಮಕ್ಕಳದ್ದು, ನಿಮ್ಮ ಸಾಲಗಾರರು ಮುಟ್ಟುವ ಹಾಗಿಲ್ಲ. ಮನೆ ಸಾಲ ಇರುವ ನಿಮಗೆ ಇದು ಮುಖ್ಯ.

18 ತುಂಬಿದ ಮೇಲೆ ಕಾನೂನುಬದ್ಧ ಪಾಲಕರ ನೇಮಕಕ್ಕೆ 1999ರ ನ್ಯಾಷನಲ್ ಟ್ರಸ್ಟ್ ಕಾಯ್ದೆಯಡಿ ಜಿಲ್ಲೆಯ ಸ್ಥಳೀಯ ಸಮಿತಿಗೆ ಅರ್ಜಿ ಹಾಕಬಹುದು. ಜಿಲ್ಲಾಧಿಕಾರಿ ಅದರ ಮುಖ್ಯಸ್ಥರು. ಇದು ನಿಮಗೆ ಇನ್ನೂ ದೂರ ಇದೆ, ನೆನಪಿರಲಿ ಅಷ್ಟೇ.

ಇಬ್ಬರಿಗೂ ಪಿಎಫ್ ಇದೆ ಅಲ್ವಾ? ದತ್ತು ಆದೇಶ ಬಂದ ವಾರದಲ್ಲೇ ಅವಳ ಹೆಸರನ್ನು ಕುಟುಂಬದ ವಿವರದಲ್ಲಿ ಸೇರಿಸಿ. ಸದಸ್ಯರು ತೀರಿಕೊಂಡರೆ, ಶಾಶ್ವತವಾಗಿ ಪೂರ್ತಿ ಅಂಗವೈಕಲ್ಯ ಇರುವ ಮಗುವಿಗೆ 25ರ ವಯಸ್ಸಿನ ಮಿತಿ ಇಲ್ಲದೆ ಜೀವನಪೂರ್ತಿ ಪಿಂಚಣಿ ಕೊಡುವ ಅವಕಾಶ ಪಿಎಫ್ ಜೊತೆಗಿನ ಪಿಂಚಣಿ ಯೋಜನೆ ಇಪಿಎಸ್‌ನಲ್ಲಿದೆ. ದತ್ತು ಮಗುವಿಗೂ ಹುಟ್ಟಿದ ಮಗುವಿಗೂ ಕಾನೂನಿನಲ್ಲಿ ವ್ಯತ್ಯಾಸ ಇಲ್ಲ.

ತೆರಿಗೆಯಲ್ಲಿ 80ಡಿಡಿ ಅಂತ ಎಲ್ಲರೂ ಕರೆಯುವ ವಿನಾಯಿತಿ ಇದೆ. ಮಗುವಿನ ಅಂಗವೈಕಲ್ಯ ಶೇ. 40 ಅಥವಾ ಅದರ ಮೇಲಿದ್ದರೆ 75,000, ಶೇ. 80 ಅಥವಾ ಅದರ ಮೇಲಿದ್ದರೆ 1,25,000. ಖರ್ಚು ಎಷ್ಟಾದರೂ ಪೂರ್ತಿ ಮೊತ್ತ ಕಳೆಯಬಹುದು. ಆದರೆ ಹಳೆಯ ತೆರಿಗೆ ಪದ್ಧತಿಯಲ್ಲಿ ಮಾತ್ರ. ಶೇ. 30ರ ಸ್ತರದಲ್ಲಿದ್ದರೆ 75,000ಕ್ಕೆ ಸೆಸ್ ಸೇರಿ 23,400 ಉಳಿಯುತ್ತದೆ. ಹೊಸ ಪದ್ಧತಿಯ ಕಡಿಮೆ ದರದ ಜೊತೆ ಹೋಲಿಸಿ ಆಯ್ಕೆ ಮಾಡಿ, ನೀವು ಗಣಿತದವರು, ಕಷ್ಟವಾಗದು. ಬಹಳ ಜನಕ್ಕೆ ಗೊತ್ತಿಲ್ಲದ ಇನ್ನೊಂದು ವಿಷಯ: ಚಿಕ್ಕ ಮಕ್ಕಳ ಹೆಸರಿನ ಠೇವಣಿಯ ಬಡ್ಡಿಯನ್ನು ಸಾಮಾನ್ಯವಾಗಿ ಅಪ್ಪ ಅಮ್ಮನ ಆದಾಯಕ್ಕೆ ಸೇರಿಸುತ್ತಾರೆ. ಅಂಗವೈಕಲ್ಯದ ಪ್ರಮಾಣಪತ್ರ ಇರುವ ಮಗುವಿಗೆ ಹಾಗೆ ಸೇರಿಸುವುದಿಲ್ಲ. ಅವಳಿಗೆ ಪ್ಯಾನ್ ಮಾಡಿಸಿ, ಅಜ್ಜ ಕೊಡುವ ದುಡ್ಡನ್ನು ಅವಳ ಹೆಸರಲ್ಲೇ ಇಡಬಹುದು. ದೊಡ್ಡ ಮೊತ್ತ ಮಾತ್ರ ಟ್ರಸ್ಟ್‌ನಲ್ಲೇ ಇರಲಿ.

ಹುಬ್ಬಳ್ಳಿ ಮೇಷ್ಟ್ರು ಬರೆದಿದ್ದು:

ಸರ್, ನಿಮ್ಮ ಉತ್ತರವನ್ನು ಅಪ್ಪನಿಗೆ ಓದಿ ಹೇಳಿದೆ. ಟ್ರಸ್ಟ್‌ನಲ್ಲಿ ತಂಗಿಯ ಹೆಸರು ಹಾಕು, ಅವಳ ಜೊತೆ ನಾನೇ ಮಾತಾಡುತ್ತೇನೆ ಅಂದರು. ಎಚ್ಆರ್‌ನಿಂದಲೂ ಉತ್ತರ ಬಂತು: ಫಾಸ್ಟರ್ ಕೇರ್ ಪತ್ರ ಸಾಲದು, ಆದೇಶವೇ ಬೇಕಂತೆ. ಇಂಟರ್ನಲ್ ಕಂಜೆನಿಟಲ್ ಸೇರಿದೆ ಅಂತ ಲಿಖಿತವಾಗಿ ಕೊಟ್ಟಿದ್ದಾರೆ. ಒಂದೂವರೆ ಲಕ್ಷ ಬೇರೆ ಖಾತೆಗೆ ಹಾಕಿದೆವು. ಶನಿವಾರ ಹೃದಯ ತಜ್ಞರ ಹತ್ತಿರ ವರದಿ ತೆಗೆದುಕೊಂಡು ಹೋಗುತ್ತಿದ್ದೇವೆ. ಅಲ್ಲಿ ಏನೇನು ಕೇಳಬೇಕು?

ಮೈಸೂರಿನ ಅಮ್ಮ ಬರೆದಿದ್ದು:

ಎಕೋ ವರದಿಯ ಪ್ರತಿ ಇದ್ದರೆ ಅದನ್ನೇ ಒಯ್ಯಿರಿ, ಬರೀ ಸಾರಾಂಶ ಸಾಲದು. ರಂಧ್ರ ಎಷ್ಟು ಮಿಲಿಮೀಟರ್, ಎಲ್ಲಿದೆ, ಶ್ವಾಸಕೋಶದ ಒತ್ತಡ ಏರಿದೆಯಾ, ಮುಂದಿನ ಎಕೋ ಯಾವಾಗ, ಆಪರೇಷನ್ ಬೇಕಾದರೆ ಯಾವ ವಯಸ್ಸಿನೊಳಗೆ ಅಂತ ಕೇಳಿ. ಮಗುವಿನ ತೂಕ ಏರುತ್ತಿದೆಯಾ ಅಂತ ಸಂಸ್ಥೆಯವರನ್ನು ಮೊದಲೇ ಕೇಳಿ ತಿಳಿದುಕೊಂಡಿರಿ, ಡಾಕ್ಟರು ಅದನ್ನು ಕೇಳೇ ಕೇಳುತ್ತಾರೆ. ಥೈರಾಯ್ಡ್ ಪರೀಕ್ಷೆ ಆಗಿದೆಯಾ ಅಂತಲೂ ವಿಚಾರಿಸಿ. ಅವರು ಹೇಳಿದ್ದನ್ನೆಲ್ಲ ಚೀಟಿಯಲ್ಲಿ ಬರೆದುಕೊಡಲು ಕೇಳಿ, ಮುಂದೆ ವಿಮೆಯ ಅರ್ಜಿಗೂ ಅದೇ ಕಾಗದ ಬೇಕಾಗುತ್ತದೆ.